ಯಾವೂರು, ಯಾರ ಪೈಕಿ

ನನ್ನ ಕೈಗೆ ಫೋನು ಬಂದ ದಿನ ರಾಬರ್ಟ್‌ಸನ್‌ಪೇಟೆಯ ನಮ್ಮ ಆಫೀಸಿನಲ್ಲಿ ಮೂರೇ ಜನ ಇದ್ದೆವು. ಬಟ್ಟೆ ಅಂಗಡಿಯ ಮೇಲಿನ ಒಂದೇ ಒಂದು ಕೋಣೆ ಅದು. ಮೆಟ್ಟಿಲು ಹತ್ತುವಷ್ಟರಲ್ಲಿ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಅಡರುತ್ತಿತ್ತು. ಮೇಜಿನ ಆ ಕಡೆ ಸ್ಟ್ಯಾನ್ಲಿ ಸಾರ್, ನಮ್ಮ ಮೇಲಿನವರು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಇಲ್ಲೇ ಓದಿ ಬೆಳೆದವರು, ಮನೆಯಲ್ಲಿ ತಮಿಳು, ಆಫೀಸಿನಲ್ಲಿ ಇಸ್ತ್ರಿ ಹಾಕಿದಂಥ ಕನ್ನಡ. ಕಿಟಕಿ ಪಕ್ಕ ಶಶಿಕಲಾ, ದನದ ಡಾಕ್ಟರ ಕೈಕೆಳಗೆ ಕೆಲಸ ಕಲಿತು ಬಂದಿದ್ದವಳು. ಈ ಕಡೆ ನಾನು, ರತ್ನಮ್ಮ. ನಮ್ಮ ಸಂಸ್ಥೆಯ ಪರವಾಗಿ ಬೂದಿಕೋಟೆ ಸುತ್ತಮುತ್ತಲ ಹಳ್ಳಿಗಳಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದು, ಹಸು ಸಾಕುವವರಿಗೆ ತಿಳಿವಳಿಕೆ ಹೇಳಿ, ಮಂಡಿ ಸವೆಸಿಕೊಂಡವಳು. ಇನ್ನು ನಡೆಯಲಾಗದು ಅಂದ ಮೇಲೆ ಸಾರ್ ನನ್ನನ್ನು ಕುರ್ಚಿ ಮೇಲೆ ಕೂರಿಸಿ ಕೈಗೊಂದು ಫೋನು ಕೊಟ್ಟರು.

"ಇನ್ಮೇಲೆ ನೀವು ಜನರ ಹತ್ರ ಹೋಗೋದು ಬೇಡ ರತ್ನಮ್ಮ. ಜನರೇ ನಿಮ್ಮ ಹತ್ರ ಬರ್ತಾರೆ."

"ಎಲ್ಲಿಗೆ ಬರ್ತಾರೆ ಸಾರ್?"

"ಫೋನೊಳಗೆ."

ಶಶಿಕಲಾ ನಕ್ಕಳು. ನಾನೂ ನಕ್ಕೆ. ನಿವೃತ್ತಿಯಾಗುವ ತನಕ ಆ ಫೋನು ನನ್ನ ಕೈ ಬಿಡಲಿಲ್ಲ. ಈಗಲೂ ಬಲಗೈ ಹೆಬ್ಬೆರಳು ಮಡಿಸಿದರೆ ನೋಯುತ್ತದೆ.

ಕೊಟ್ಟಿಗೆ ಬಳಗ ಅಂತ ಅದಕ್ಕೆ ಹೆಸರು. ಒಂದೆರಡು ಹಸು ಕಟ್ಟಿಕೊಂಡವರೆಲ್ಲ, ಹೆಚ್ಚಿನವರು ಹೆಂಗಸರು, ತಮ್ಮ ತಮ್ಮ ಫೋನಿನಲ್ಲೇ ಸೇರುವ ಆನ್‌ಲೈನ್ ಗುಂಪು. ಹಸು ಮೇವು ಬಿಟ್ಟರೆ ಅಲ್ಲಿ ಕೇಳಬಹುದು, ಶಶಿಕಲಾ ಉತ್ತರ ಕೊಡುತ್ತಾಳೆ. ಕರು ಹಾಕಿದರೆ ಫೋಟೋ ಹಾಕಬಹುದು, ಎಲ್ಲರೂ ನೋಡಿ ಖುಷಿಪಡುತ್ತಾರೆ. ನನ್ನ ಪಾಲಿನ ಕೆಲಸ ಒಂದೇ: ಹೊಸದಾಗಿ ಬಂದವರನ್ನು ಬರಮಾಡಿಕೊಳ್ಳುವುದು.

ಈಗ ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ಬೀಳ್ಕೊಡುಗೆಯ ದಿನ ಅವರಲ್ಲೊಬ್ಬಳು, "ಆಂಟಿ, ಈ ಕೆಲಸದಲ್ಲಿ ಕಷ್ಟ ಏನಿದೆ? ವೆಲ್‌ಕಮ್ ಅಂತ ಒಂದು ಮೆಸೇಜ್ ಹಾಕೋದು ತಾನೆ?" ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಉತ್ತರ ಕೊಡುವುದಕ್ಕೆ ಆ ದಿನ ನನ್ನಲ್ಲಿ ತ್ರಾಣ ಇರಲಿಲ್ಲ, ಈಗ ಕೊಡುತ್ತಿದ್ದೇನೆ. ಮಂಜುಳ ಅಂತ ಒಬ್ಬಳಿದ್ದಳು. ಗಂಡನ ಕಣ್ಣಿಗೆ ಬೀಳದ ಹಾಗೆ, ಮಗಳನ್ನು ಕಟ್ಟಿಕೊಂಡು ಅಡಗಿ ಬದುಕುತ್ತಿದ್ದಳು. ನಾನು ಮಾಡಿದ ಸ್ವಾಗತದಿಂದ ಅವಳ ಜಾಗ ಗಂಡನಿಗೆ ಗೊತ್ತಾಯಿತು. ಹೇಳಬೇಕಾದ್ದು ಅದು. ಅದು ಹೇಗಾಯಿತು ಅಂತ ತಿಳಿಯಬೇಕಾದರೆ ಹಿಂದಿನ ನಾಲ್ಕು ಮಾತೂ ಬೇಕು.

ಮೊದಲ ದಿನ ಸಾರ್ ಒಂದು ಹಾಳೆ ಕೊಟ್ಟಿದ್ದರು. "ಬಳಗಕ್ಕೆ ತಮಗೆ ಹಾರ್ದಿಕ ಸ್ವಾಗತ. ಈ ಕೆಳಕಂಡ ನಿಯಮಗಳನ್ನು ತಪ್ಪದೇ ಪಾಲಿಸತಕ್ಕದ್ದು" ಅಂತ ಶುರುವಾಗಿ ಹನ್ನೊಂದು ನಿಯಮ. ಯಾರು ಸೇರಿದರೂ ಅದನ್ನೇ ಹಾಕುತ್ತಿದ್ದೆ. ಒಂದು ವಾರದೊಳಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಸದ್ದಿಲ್ಲದೆ ಹೊರಟುಹೋದರು. ಬೂದಿಕೋಟೆ ಕಡೆಯ ಒಬ್ಬ ಮುದುಕಿಗೆ ಫೋನ್ ಮಾಡಿ, "ಯಾಕಜ್ಜಿ ಬಿಟ್ಟುಬಿಟ್ರಿ?" ಅಂದೆ.

"ಅಯ್ಯೋ, ಅದೇನವ್ವ ಕೋರ್ಟಿಂದ ಬಂದಂಗೆ ಬಂತಲ್ಲ ಕಾಗ್ದ! ನಮ್ ಮೊಮ್ಮಗ ಓದ್ದ. ಪಾಲಿಸತಕ್ಕದ್ದು, ಪಾಲಿಸತಕ್ಕದ್ದು ಅಂತ ಅದೇ ಬತ್ತದೆ. ನಾನೇನು ತಪ್ಪು ಮಾಡಿದ್ನೋ ಅಂತ ಎದೆ ಒಡ್ಕೊಂಡ್ಬುಡ್ತು. ತೆಗ್ದಾಕ್ಲಾ ಅದ್ನ ಅಂದೆ."

ನನ್ನ ಮೊದಲ ಪಾಠ ಅದು. ಹಾಳೆಯನ್ನು ಮೇಜಿನ ಖಾನೆಗೆ ಹಾಕಿದೆ. ಅಜ್ಜಿ ಏನು ಮಾಡುತ್ತಿದ್ದಳು ಅಂತ ಯೋಚಿಸಿದೆ. ನನಗೆ ಮಾತು ಕಲಿಸಿದವಳೇ ಅಜ್ಜಿ, ಅಮ್ಮನ ತಾಯಿ. ಅವಳ ಜಗಲಿಯ ಮುಂದೆ ಯಾರು ಹಾದುಹೋದರೂ ನಿಲ್ಲಿಸುತ್ತಿದ್ದಳು. ಕೈಗೆ ನೀರು ಕೊಟ್ಟು, "ಯಾವೂರಪ್ಪ? ಯಾರ ಪೈಕಿ?" ಅನ್ನುವಳು. ಬಂದವನು ಊರು ಹೇಳುವನು, ಅಪ್ಪನ ಹೆಸರು ಹೇಳುವನು. ಅಜ್ಜಿ ಕಣ್ಣುಮುಚ್ಚಿ ಎಲ್ಲೆಲ್ಲೋ ಹುಡುಕಿ, ಅವನ ಚಿಕ್ಕಮ್ಮನ ನಾದಿನಿಯನ್ನೋ ಮಾವನ ಷಡ್ಡಕನನ್ನೋ ಹೊರಗೆ ಎಳೆದು ತರುವಳು. "ಹಂಗಾರೆ ನಮ್ಮೋನೇ!" ಅನ್ನುವಳು. ಅಲ್ಲಿಗೆ ಅವನು ಊಟ ಮಾಡದೆ ಹೋಗುವ ಹಾಗಿರಲಿಲ್ಲ.

ನಾನೂ ಅದನ್ನೇ ಹಿಡಿದೆ. ಯಾರು ಸೇರಿದರೂ ಮೊದಲು ಫೋನ್ ಮಾಡಿ ಮಾತಾಡುವುದು. ಯಾವೂರು, ಯಾರ ಪೈಕಿ, ತವರು ಯಾವುದು, ಹಸು ಎಷ್ಟು, ಅವುಗಳ ಹೆಸರೇನು. ಆಮೇಲೆ ನನ್ನ ದನಿಯಲ್ಲೇ ಗುಂಪಿಗೆ ಪರಿಚಯ: "ನೋಡಿ, ಇವರು ಇಂಥ ಊರಿನ ಇಂಥವರ ಸೊಸೆ, ಇಂಥವರ ಮಗಳು, ಎರಡು ಸೀಮೆಹಸು ಕಟ್ಟಿದ್ದಾರೆ, ನಮ್ಮವರೇ." ಅಷ್ಟು ಹೇಳಿದ್ದೇ ತಡ ಅಲ್ಲೊಬ್ಬರು, "ಓ, ನಮ್ಮ ಅತ್ತಿಗೆ ಊರು!" ಅನ್ನುವರು, ಇಲ್ಲೊಬ್ಬರು, "ನಿಮ್ಮಪ್ಪ ನಮಗೆ ಎತ್ತು ಕೊಡಿಸಿದ್ರು" ಅನ್ನುವರು. ಬಂದವರು ಬಿಟ್ಟುಹೋಗುವುದು ನಿಂತಿತು. ತೆಲುಗಿನವರ ಹತ್ತಿರ ತೆಲುಗಿನಲ್ಲಿ, ತಮಿಳಿನವರ ಹತ್ತಿರ ಬಂದಷ್ಟು ತಮಿಳಿನಲ್ಲಿ ಇದೇ ಪ್ರಶ್ನೆ. ಸ್ಟ್ಯಾನ್ಲಿ ಸಾರ್ ಬೆಂಗಳೂರಿನ ಮೀಟಿಂಗಿನಲ್ಲಿ ಇದಕ್ಕೊಂದು ಇಂಗ್ಲಿಷ್ ಹೆಸರಿಟ್ಟು, ತಮ್ಮದೇ ಯೋಚನೆ ಅಂತ ಹೇಳಿ ಚಪ್ಪಾಳೆ ತಗೊಂಡು ಬಂದರು. ನನಗೆ ಬೇಜಾರಾಗಲಿಲ್ಲ. ಅದು ನನ್ನದೂ ಅಲ್ಲವಲ್ಲ, ಅಜ್ಜಿಯದು.

ಎಡವಟ್ಟುಗಳೂ ಆದವು. ಫೋನಿನಲ್ಲಿ 'ಗೌರಿ' ಅಂತ ಹೆಸರಿದ್ದ ಒಬ್ಬರು ಸೇರಿದರು. ಕರೆ ಮಾಡಿದರೆ ಎತ್ತಲಿಲ್ಲ. ಇರಲಿ ಅಂತ ಗುಂಪಿನಲ್ಲೇ, "ಗೌರಮ್ಮನವರಿಗೆ ಸ್ವಾಗತ, ನಾಚಿಕೊಳ್ಳಬೇಡಿ ತಾಯಿ, ಮಾತಾಡಿ" ಅಂದೆ. ನಾಲ್ಕು ದಿನ ದಿನಾ ಬೆಳಿಗ್ಗೆ ಗೌರಮ್ಮನ ಯೋಗಕ್ಷೇಮ ವಿಚಾರಿಸಿದೆ. ಉಳಿದ ಹೆಂಗಸರೂ, "ಬನ್ನಿ ಗೌರಕ್ಕ, ಗಂಡ ಬೈತಾನಾ?" ಅಂತ ಶುರುಮಾಡಿದರು. ಐದನೇ ದಿನ ಒಂದು ಗಡಸು ಗಂಡಸಿನ ದನಿ ಬಂತು. "ಅಕ್ಕೋ, ಗೌರಿ ನಮ್ ಅಸು. ನಾನು ಮುನಿಯಪ್ಪ. ಅವ್ಳು ಚೆನ್ನಾಗವ್ಳೆ, ಈವತ್ತು ಆರು ಲೀಟ್ರು ಕೊಟ್ಳು." ಶಶಿಕಲಾ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಆ ವಾರವೆಲ್ಲ ಬಳಗದಲ್ಲಿ ಯಾರಿಗೂ ಬೇರೆ ಮಾತಿರಲಿಲ್ಲ.

ಎಲ್ಲವೂ ನಗುವಿನಲ್ಲಿ ಮುಗಿಯಲಿಲ್ಲ. ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ಒಬ್ಬಾತ ಸೇರಿದ್ದ, ಕೃಷ್ಣಪ್ಪ ಅಂತ. ಕೂಲಿ ಮಾಡುತ್ತಿದ್ದವನು, ಹೊಸದಾಗಿ ಹಸು ತಂದಿದ್ದ. ಊರು ಹೇಳಿದ. "ಯಾರ ಪೈಕಿ?" ಅಂದೆ. ಆ ಕಡೆ ಸದ್ದಿಲ್ಲ. ಲೈನು ಹೋಯಿತೇನೋ ಅಂತ, "ಹಲೋ, ಯಾರ ಮನೆಯವರು ಅಂದೆ" ಅಂತ ಮತ್ತೆ ಕೇಳಿದೆ.

"ಅಕ್ಕಾ," ಅಂದ, "ನನ್ ಮನೆ ಊರಾಚೆ ಐತೆ. ಅದ್ನ ನೀವು ಗುಂಪಲ್ಲಿ ಯೇಳ್ತೀರಾ?"

"ಇಲ್ಲಪ್ಪ, ಬೇಡ ಅಂದ್ರೆ ಹೇಳಲ್ಲ," ಅಂದೆ.

"ಯೇಳುದ್ರೆ ನನ್ ಆಲಿನ್ ಬಗ್ಗೆ ಮಾತು ಬತ್ತದೆ ಅಕ್ಕ. ಅದ್ಕೆ."

ಅವನನ್ನು ಬರಿ ಹೆಸರು ಹೇಳಿ ಬರಮಾಡಿಕೊಂಡೆ. ಅವನು ಗುಂಪಿನಲ್ಲಿ ಒಂದು ದಿನವೂ ಬಾಯಿ ಬಿಡಲಿಲ್ಲ. ಬೇರೆಯವರು ಹೇಳಿದ್ದನ್ನು ಕೇಳಿಕೊಂಡು ಇರುತ್ತಿದ್ದ ಅಷ್ಟೆ. ಅವತ್ತೇ ನನಗೆ ಬುದ್ಧಿ ಬರಬೇಕಿತ್ತು. ನೀರು ಕೊಟ್ಟು ಅಜ್ಜಿ ಕೇಳುತ್ತಿದ್ದ ಆ ಪ್ರಶ್ನೆಗೆ ಉತ್ತರ ಕೊಡಲಾರದವರು ಅವಳ ಜಗಲಿಯ ಮುಂದೆ ಹಾಯುತ್ತಲೇ ಇರಲಿಲ್ಲ, ಸುತ್ತು ಹಾಕಿ ಹೋಗುತ್ತಿದ್ದರು ಅನ್ನುವುದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕೃಷ್ಣಪ್ಪನೊಬ್ಬನ ವಿಷಯ ಬೇರೆ ಅಂದುಕೊಂಡೆ. ಮರುದಿನ ಬಂದವರಿಗೆ ಮತ್ತೆ ಅದೇ ಪ್ರಶ್ನೆ ಕೇಳಿದೆ. ದಿನಕ್ಕೆ ಹತ್ತು ಹದಿನೈದು ಕರೆ. ಬಾಯಿ ತಾನಾಗೇ ಆಡುತ್ತಿತ್ತು. ಆಯಾಸ ಬಂದ ಮೇಲೆ ಮನುಷ್ಯರು ಮಾಡುವುದೇ ಹೀಗೆ. ಮೊದಲು ಪ್ರೀತಿಯಿಂದ ಕೇಳುತ್ತಿದ್ದದ್ದನ್ನು ಆಮೇಲೆ ರೂಢಿಯಿಂದ ಕೇಳುತ್ತೇವೆ. ಕೇಳಿಸಿಕೊಳ್ಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮಗೂ ಗೊತ್ತಾಗುವುದಿಲ್ಲ.

ಮಂಜುಳ ಸೇರಿದ್ದು ಒಂದು ಸೋಮವಾರ. ಕರೆ ಮಾಡಿದೆ.

"ಕೆಚ್ಚಲು ಬಾವು ಬಂದೈತೆ ಅಕ್ಕ, ಒಂದ್ ಮೊಲೆ ಕಲ್ಲಾಗೈತೆ. ಏನ್ ಮಾಡ್ಲಿ ಅಂತ ಕೇಳಕ್ಕೆ ಸೇರ್ಕೊಂಡೆ," ಅಂದಳು.

"ಶಶಿಕಲಾ ಹೇಳ್ತಾಳಮ್ಮ, ಹೆದರ್ಕೋಬೇಡ. ಯಾವೂರು ನಿಂದು?"

"ಇಲ್ಲೇ."

"ಇಲ್ಲೇ ಅಂದ್ರೆ?"

"ಕೋರಮಂಡಲ್. ಲೈನ್ ಮನೇಲಿ ಇದೀನಿ."

ಗಣಿ ಮುಚ್ಚಿದ ಮೇಲೆ, ಕಾರ್ಮಿಕರಿಗೆ ಅಂತ ಸಾಲಾಗಿ ಕಟ್ಟಿದ್ದ ಆ ಲೈನ್ ಮನೆಗಳಲ್ಲಿ ಹಸು ಕಟ್ಟುವವರು ಇಲ್ಲವೇ ಇಲ್ಲ ಅಂತಲ್ಲ, ಆದರೆ ಅವಳ ಮಾತು ಆ ಕಡೆಯದಲ್ಲ. ಬೂದಿಕೋಟೆ ಆಚೆಯ, ಗಡಿ ಹತ್ತಿರದ ಮಾತು. ನನ್ನ ಅಜ್ಜಿಯ ಮಾತು. ಬಿಡಲಾದೀತೆ?

"ನಿನ್ನ ಮಾತು ಕೇಳಿದ್ರೆ ನಮ್ಮ ಕಡೆಯೋಳ ಥರ ಇದೀಯಲ್ಲೇ. ತವರು ಯಾವುದು? ಯಾರ ಪೈಕಿ?"

"ಅದೆಲ್ಲ ಯಾಕಕ್ಕ, ಬಿಡಿ."

"ಯಾಕೆ ಬಿಡೋದು? ಹೇಳೇ ತಾಯಿ. ನಾನು ಇಲ್ಲಿ ಕೂತಿರೋದೇ ಅದಕ್ಕೆ."

ಬಿಡಿ ಅಂದವಳನ್ನು ಬಿಡಲಿಲ್ಲ. ಮೂರು ಸಲ ಕೇಳಿದೆ. ಮೂರನೇ ಸಲ ಅವಳು ಊರು ಹೇಳಿದಳು, ಅಜ್ಜನ ಹೆಸರು ಹೇಳಿದಳು. ಅವಳ ಅಜ್ಜ ನಮ್ಮಜ್ಜಿ ಮನೆಯಲ್ಲಿ ಉಂಡು ಹೋಗಿದ್ದ ಮನುಷ್ಯ! ನನಗಾದ ಸಂತೋಷ ಹೇಳತೀರದು. ಆ ಸಂತೋಷದಲ್ಲಿ ಅವಳ ದನಿ ಸಣ್ಣದಾದದ್ದು ಕಿವಿಗೆ ಬೀಳಲೇ ಇಲ್ಲ. ಫೋನಿಟ್ಟು, ಗುಂಪಿಗೆ ದೊಡ್ಡದಾಗಿ ಪರಿಚಯ ಹೇಳಿದೆ. ಹೆಸರು, ತವರು, ಅಜ್ಜನ ಹೆಸರು, ಈಗ ಕೋರಮಂಡಲ್ಲಿನ ಲೈನ್ ಮನೆಯಲ್ಲಿದ್ದಾಳೆ, ಒಂದು ಹೆಣ್ಣು ಮಗು, ಎರಡು ಹಸು. ಕಡೆಗೆ, "ನಮ್ಮವಳೇ" ಅಂದೆ.

ಸಂಜೆಯೊಳಗೆ ವೆಂಕಟಲಕ್ಷ್ಮಮ್ಮ ಅನ್ನುವವರ ಮಾತು ಬಂತು. ಹಿಂದಿನ ವರ್ಷ ನಾನೇ ಬರಮಾಡಿಕೊಂಡಿದ್ದ ಹೆಂಗಸು, ಬಳಗದಲ್ಲಿ ದಿನಾ ಮಾತಾಡುವವರು. "ರತ್ನಕ್ಕ, ಇವ್ಳು ನನ್ ತಮ್ಮನ್ ಎಂಡ್ತಿ. ಒಂದೂವರೆ ವರ್ಷ ಆಗಿತ್ತು ಎಲ್ಲವ್ಳೆ ಅಂತ ಗೊತ್ತಾಗ್ದೆ. ದೇವ್ರು ದೊಡ್ಡೋನು." ಜೊತೆಗೆ ಎರಡು ಕೈ ಮುಗಿದ ಚಿತ್ರ.

ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲೇಬೇಕು. "ನೋಡಿದಿರಾ, ನಮ್ಮ ಬಳಗ ಅಂದರೆ ಹೀಗೆ! ಕಳೆದುಹೋದವರನ್ನೂ ಸೇರಿಸುತ್ತದೆ!" ಅಂದೆ. ಎಷ್ಟೋ ಜನ ಹೂವಿನ ಚಿತ್ರ ಹಾಕಿದರು. ಸ್ಟ್ಯಾನ್ಲಿ ಸಾರ್ ಹೆಬ್ಬೆರಳೆತ್ತಿದರು. ಮರುದಿನ ಮೇಲಿನವರಿಗೆ ಕಳಿಸುವ ವರದಿಯಲ್ಲಿ ಅದನ್ನೂ ಸೇರಿಸಿದರು.

ಬುಧವಾರ ಬೆಳಿಗ್ಗೆ ಮಂಜುಳ ಕರೆ ಮಾಡಿದಳು. ಎರಡು ದಿನ ಗುಂಪು ತೆರೆದು ನೋಡಿರಲಿಲ್ಲವಂತೆ, ಶಶಿಕಲಾ ಫೋನಿನಲ್ಲಿ ಹೇಳಿದ ಹಾಗೆ ಹಸುವಿನ ಆರೈಕೆಯಲ್ಲೇ ಇದ್ದಳಂತೆ. "ಅಕ್ಕಾ, ತೆಗೀರಿ ಅಕ್ಕ ಅದ್ನ. ದಮ್ಮಯ್ಯ ತೆಗೀರಿ," ಅಂದಳು. ಅಷ್ಟೇ. ಕೂಗಲಿಲ್ಲ, ಬೈಯಲಿಲ್ಲ.

ಶಶಿಕಲಾ ನನ್ನ ಕೈಯಿಂದ ಫೋನು ಕಿತ್ತುಕೊಂಡು ಅಳಿಸಿದಳು. ಅಳಿಸಿದರೆ ಏನಾಯಿತು? ಕೇಳಿದವರ ಕಿವಿಯಿಂದ ಅಳಿಸಲಾಗುತ್ತದೆಯೇ? ಇಬ್ಬರೂ ಕೆಳಗಿಳಿದು ಆಟೋ ಹಿಡಿದೆವು. ದಾರಿಯುದ್ದಕ್ಕೂ ನಾನು, "ಏನಾಗಿರಲ್ಲ ಬಿಡೇ, ಏನಾಗಿರಲ್ಲ" ಅನ್ನುತ್ತಿದ್ದೆ. ಶಶಿಕಲಾ ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದಳು.

ಆ ಲೈನಿನಲ್ಲಿ ಕಡೆಯ ಮನೆ. ಮೆಟ್ಟಿಲ ಮೇಲೆ ಒಬ್ಬ ಗಂಡಸು ಕೂತು ಬೀಡಿ ಸೇದುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಬೀಗರ ಮನೆಗೆ ಬಂದವನ ಹಾಗೆ ಕಾಣುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬ ನಿಂತು ಎರಡು ಹಸುಗಳ ಕಣ್ಣಿ ಬಿಚ್ಚುತ್ತಿದ್ದ. ಕಣ್ಣಿಯ ಇನ್ನೊಂದು ತುದಿಯನ್ನು ಹಿಡಿದು ಒಬ್ಬ ಮುದುಕಿ ಎಳೆದಾಡುತ್ತಿದ್ದಳು. ಅವಳು ಪಕ್ಕದ ಮನೆಯ ಅಂತೋಣಿಯಮ್ಮ. ಮಂಜುಳಾಗೆ ಆ ಮನೆ ಕೊಡಿಸಿದವಳು, ಅವಳಿದ್ದಾಳೆ ಅಂತ ಒಂದೂವರೆ ವರ್ಷ ಯಾರಿಗೂ ಬಾಯಿಬಿಡದವಳು.

"ವಿಡುಡಾ! ಬಿಡೋ! ಇದು ನನ್ ಮಾಡು ಡಾ!" ಅಂತ ಕೂಗುತ್ತಿದ್ದಳು. "ಎರಡೂ ನನ್ ಹಸು! ಆ ಪೊಣ್ಣು ನನ್ಗೆ ಹಾಲು ಕರೆದು ಕೊಡ್ತಾಳೆ, ಅಷ್ಟೇ. ಕೇಳು ಬೇಕಾದ್ರೆ ಲೈನಲ್ಲಿ ಎಲ್ಲಾರ್ನೂ!"

ಲೈನಿನ ಜನ ಸೇರಿದ್ದರು. ಒಬ್ಬೊಬ್ಬರೂ, "ಆಮಾ, ಹೌದು, ಅಂತೋಣಿಯಮ್ಮಂದೇ" ಅಂದರು. ಅಂತೋಣಿಯಮ್ಮನಿಗೆ ಹಸುವಿನ ಬಾಲ ಯಾವುದು ಕೊಂಬು ಯಾವುದು ಅನ್ನುವಷ್ಟು ಮಾತ್ರ ಗೊತ್ತಿತ್ತು ಅಂತ ಆಮೇಲೆ ತಿಳಿಯಿತು. ಕಣ್ಣಿ ಹಿಡಿದವನು ಬಿಟ್ಟ.

ಬಿಳಿ ಅಂಗಿಯವನು ನನ್ನನ್ನು ನೋಡಿ ಎದ್ದು ನಿಂತ. ಬೀಡಿ ಎಸೆದ. ಕೈ ಮುಗಿದ.

"ನೀವೇ ಅಲ್ವೇನಮ್ಮ ಫೋನಲ್ಲಿ ಸ್ವಾಗತ ಮಾಡೋರು? ನಮ್ಮಕ್ಕ ನಿಮ್ ದನಿ ಕೇಳ್ಸಿದ್ಲು. ದೊಡ್ಡ ಪುಣ್ಯ ಕಟ್ಕೊಂಡ್ರಿ ತಾಯಿ. ಉಡುಕಿ ಉಡುಕಿ ಸಾಕಾಗಿತ್ತು ನಂಗೆ."

ಕೆಲಸದಲ್ಲಿ ಎಷ್ಟೋ ಜನ ನನ್ನನ್ನು ಬೈದಿದ್ದಾರೆ. ಒಂದೂ ನೆನಪಿಲ್ಲ. ಆ ಕೃತಜ್ಞತೆ ಮಾತ್ರ ಮರೆತಿಲ್ಲ.

ಒಳಗೆ ಮಂಜುಳ ಗೋಡೆಗೆ ಒರಗಿ ನಿಂತಿದ್ದಳು. ಒಂಬತ್ತು ವರ್ಷದ ಮಗಳು ಅವಳ ಸೆರಗಿನೊಳಗೆ. ನೋಡಿದೊಡನೆ ಕಣ್ಣಿಗೆ ಬಿದ್ದದ್ದು ಅವಳ ಬಲ ಮುಂಗೈ. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಆ ಕೈಯಲ್ಲಿ ಹಾಲು ಕರೆಯಲು ಆಗುವುದಿಲ್ಲ. ಎಡಗೈ ಒಂದರಲ್ಲೇ ಎರಡು ಹಸು ಕರೆಯುತ್ತಿದ್ದಳು. ಫೋನಿನಲ್ಲಿ ನಾನು ಕೇಳಿದ ಪ್ರಶ್ನೆಗಳಲ್ಲಿ ಅದೊಂದು ಇರಲಿಲ್ಲ.

"ಮಂಜುಳಾ, ಪೋಲೀಸ್ ಸ್ಟೇಷನ್ನಿಗೆ ಹೋಗೋಣ. ನಾನು ಬರ್ತೀನಿ," ಅಂದೆ.

"ದೊಡ್ಡೋರು ಮೂರು ಸಲ ಕೂತು ರಾಜಿ ಮಾಡಿ ಕಳ್ಸವ್ರೆ ಅಕ್ಕ. ಎರಡನೇ ಸಲ ಅವ್ನ ಮನೆಗೆ ವಾಪಸ್ ಓದಾಗ ಆಗಿದ್ದು ಈ ಕೈ," ಅಂದಳು. ಆಮೇಲೆ ಮಗಳ ತಲೆ ನೇವರಿಸುತ್ತ, "ನಾನು ಯೇಳ್ಬಾರ್ದಿತ್ತು. ನಮ್ಮವ್ವ ಕೇಳ್ದಂಗೆ ಕೇಳಿದ್ರಿ ನೀವು. ಅಂಗೆ ಯಾರೂ ಕೇಳಿ ಬಾಳ ದಿನ ಆಗಿತ್ತು," ಅಂದಳು.

ಮೂಲೆಯ ಬಿಂದಿಗೆಯಿಂದ ನೀರು ಬಗ್ಗಿಸಿ ಮಗುವಿನ ಕೈಗೆ ಕೊಟ್ಟೆ.

ಲೈನಿನವರು ಸುತ್ತುಗಟ್ಟಿದ್ದರಿಂದ ಅವತ್ತು ಗಂಡ ಜೋರು ಮಾಡಲಿಲ್ಲ. "ಭಾನುವಾರ ಊರ್ನ ಇರೀಕರ್ನ ಕರ್ಕೊಂಡು ಬತ್ತೀನಿ. ಮಗು ನಂದು," ಅಂತ ಹೇಳಿ, ಹೋಗುವಾಗ ಮತ್ತೆ ನನಗೆ ಕೈ ಮುಗಿದು ಹೋದ. ಶುಕ್ರವಾರ ನಾನು ಹೋದಾಗ ಮನೆಗೆ ಬೀಗ. ಮಂಜುಳ, ಮಗಳು ಇಬ್ಬರೂ ಇಲ್ಲ. ಮಗು ಶಾಲೆಗೆ ಒಯ್ಯುತ್ತಿದ್ದ ಚೀಲ ಕಿಟಕಿಯ ಸರಳಿಗೆ ಸಿಕ್ಕಿಸಿತ್ತು. ಗುಂಪು ನೋಡಿದರೆ ಅವಳ ನಂಬರಿನ ಮುಂದೆ 'ಹೊರಹೋಗಿದ್ದಾರೆ' ಅಂತ ಒಂದು ಸಾಲು. ಹಸುಗಳು ಮಾತ್ರ ಅಂತೋಣಿಯಮ್ಮನ ಬಾಗಿಲಲ್ಲಿ ನಿಂತು ಅರಚುತ್ತಿದ್ದವು.

"ಬಾಮ್ಮಾ ಬಾ, ಸ್ವಾಗತಂ!" ಅಂದಳು ಅಂತೋಣಿಯಮ್ಮ ನನ್ನನ್ನು ನೋಡಿ. "ಬಾಯಿಗೆ ಬಂದಂಗೆ ನನ್ ಹಸು ಅಂತ ಸುಳ್ಳು ಹೇಳ್ಬಿಟ್ಟೆ. ಈಗ ನಿಜ ಆಗೋಯ್ತು. ಕರೆಯಕ್ಕೆ ಯಾರ್ ಬರ್ತಾರೆ? ನಿಮ್ ಫೋನ್ ಬರುತ್ತಾ?"

ಸೆರಗು ಕಟ್ಟಿ ಕೂತೆ. ನನ್ನ ಮಂಡಿ ಮಡಿಸಲಾಗದ್ದು ಕಂಡು ಅಂತೋಣಿಯಮ್ಮ ಒಂದು ಹಳೇ ಬಕೆಟ್ಟು ಬೋರಲು ಹಾಕಿಕೊಟ್ಟಳು. ಆಮೇಲೆ ಎರಡು ತಿಂಗಳು, ಆಫೀಸಿಗೆ ಹೋಗುವ ಮೊದಲು ದಿನಾ ಕೋರಮಂಡಲ್ಲಿಗೆ ಹೋಗಿ ಹಾಲು ಕರೆದು, ಅವಳಿಗೂ ಕಲಿಸಿದೆ. ಅವಳ ಬೈಗುಳದಲ್ಲಿ ಅಷ್ಟಿಷ್ಟು ತಮಿಳು ಕಲಿತೆ. ಬಾವು ಬಂದಿದ್ದ ಹಸು ಶಶಿಕಲಾ ಕೊಟ್ಟ ಔಷಧಿಗೆ ಗುಣವಾಯಿತು. ಇದನ್ನು ದೊಡ್ಡದಾಗಿ ಹೇಳುತ್ತಿಲ್ಲ. ಇದರಿಂದ ಸರಿಹೋದದ್ದು ಹಸುವಿನ ಮೊಲೆ ಒಂದೇ.

ನಡೆದದ್ದನ್ನು ಬಳಗಕ್ಕೆ ಹೇಳಬೇಕು ಅಂತ ನಾನು ಹಟ ಹಿಡಿದೆ. ಸ್ಟ್ಯಾನ್ಲಿ ಸಾರ್ ಒಪ್ಪಲಿಲ್ಲ. "ರತ್ನಮ್ಮ, ತಿಳಿದೂ ತಿಳಿದೂ ಸಂಸ್ಥೆಗೆ ಕೆಟ್ಟ ಹೆಸರು ತರಬೇಡಿ. ಕಂಪ್ಲೇಂಟ್ ಏನೂ ಬಂದಿಲ್ಲವಲ್ಲ," ಅಂದರು. ಕೆಟ್ಟವರಲ್ಲ ಅವರು. ನನ್ನ ಮಂಡಿ ನೋವಿಗೆ ಕುರ್ಚಿ ಹುಡುಕಿಕೊಟ್ಟ ಮನುಷ್ಯ. ವರದಿಯಲ್ಲಿ ಬರೆದುಬಿಟ್ಟಿದ್ದ ಸಾಲು ಅವರನ್ನು ಕಾಡುತ್ತಿತ್ತು ಅಂತ ಕಾಣುತ್ತದೆ. ಆ ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಗುಂಪಿನಲ್ಲಿ ಮಾತಾಡಿದೆ. ಯಾರ ಹೆಸರೂ ಎತ್ತಲಿಲ್ಲ. "ನಾನು ರತ್ನಮ್ಮ. ಹೇಳಲು ಮನಸ್ಸಿಲ್ಲದವರ ಬಾಯಿಂದ ಹೇಳಿಸಿದ್ದೇನೆ, ಹೇಳಿಸಿದ್ದನ್ನು ಎಲ್ಲರಿಗೂ ಸಾರಿದ್ದೇನೆ. ಅದರಿಂದ ಒಬ್ಬರಿಗೆ ಇದ್ದ ನೆಲೆ ತಪ್ಪಿತು. ಇನ್ನು ಮೇಲೆ ನಾನು ಯಾರನ್ನೂ ಊರು ಕೇಳುವುದಿಲ್ಲ, ಮನೆ ಕೇಳುವುದಿಲ್ಲ," ಅಂದೆ.

ಬಳಗದಲ್ಲಿ ಕೋಲಾಹಲ ಏಳುತ್ತದೆ ಅಂದುಕೊಂಡಿದ್ದೆ. ಇಬ್ಬರು ಕೈ ಮುಗಿದರು. ಮೂರನೆಯವರು ಬೂಸದ ಬಗ್ಗೆ ಕೇಳಿದರು. ಆದರೆ ಅದೇ ವಾರ ಕೃಷ್ಣಪ್ಪ, ಅಷ್ಟು ದಿನ ಬಾಯಿ ಬಿಡದಿದ್ದವನು, ತನ್ನ ಕರುವಿನ ಫೋಟೋ ಹಾಕಿದ. ಚೆನ್ನಾದ ಕರು, ಹಣೆಯಲ್ಲಿ ಬಿಳಿ.

ವೆಂಕಟಲಕ್ಷ್ಮಮ್ಮ ನನಗೆ ಬೇರೆಯಾಗಿ ಮಾತು ಕಳಿಸಿದರು: "ನಮ್ ಸಂಸಾರದ್ ವಿಷ್ಯ ನಿಮ್ಗ್ಯಾಕೆ?" ಅವರನ್ನು ತೆಗೆಯೋಣ ಅಂದರೆ ಸಾರ್ ಯಾವ ನಿಯಮದಲ್ಲಿ ತೆಗೆಯುತ್ತೀರಿ ಅಂದರು. ನಿಜ, ಆ ಹನ್ನೊಂದು ನಿಯಮದಲ್ಲಿ ಯಾವುದರಲ್ಲೂ ಅದಕ್ಕೆ ದಾರಿ ಇರಲಿಲ್ಲ. ಅವರು ಬಳಗದಲ್ಲೇ ಉಳಿದರು. ಅವರ ಹಸು ಬೆದೆಗೆ ಬಂದಾಗ, ಈಯುವಾಗ, ಮೇವು ಬಿಟ್ಟಾಗ ಅವರಿಗೂ ಎಲ್ಲರ ಹಾಗೆ ಉತ್ತರ ಕೊಟ್ಟೆವು. ಕೆಲಸ ಅಂದರೆ ಇದೂ ಸೇರಿಯೇ ಕೆಲಸ. ಅವರ ತಮ್ಮ ಮಾತ್ರ, ಆ ಬಿಳಿ ಅಂಗಿಯವನು, ತನ್ನನ್ನೂ ಸೇರಿಸಿಕೊಳ್ಳಿ ಅಂತ ಕೋರಿಕೆ ಕಳಿಸಿದಾಗ ನಾನು ಒತ್ತಬೇಕಾದ ಗುಂಡಿ ಒತ್ತಲಿಲ್ಲ.

"ಯಾಕೆ ಪೆಂಡಿಂಗ್ ಇಟ್ಟಿದ್ದೀರಿ?" ಅಂತ ಸಾರ್ ಕೇಳಿದರು.

"ಹೆಬ್ಬೆರಳು ನೋಯುತ್ತೆ ಸಾರ್," ಅಂದೆ.

ಅವರು ತಮ್ಮ ಕಾಗದಗಳ ಕಡೆ ತಿರುಗಿದರು. ಮತ್ತೆ ಕೇಳಲಿಲ್ಲ. ನಿವೃತ್ತಿಯಾಗುವವರೆಗೆ ಅದು ಹಾಗೇ ಇತ್ತು.

ಹೊಸದಾಗಿ ಬಂದ ಹುಡುಗಿಯರೇ, ಈಗ ನೀವು ಕೇಳುವ ಎರಡೇ ಪ್ರಶ್ನೆ, "ನಿಮ್ಮನ್ನು ಏನಂತ ಕರೀಬೇಕು? ಹಸು ಹೇಗಿದೆ?" ಅನ್ನುವುದು ಆಮೇಲೆ ಬಂದದ್ದು. ಉಳಿದದ್ದನ್ನು ಅವರಾಗಿ ಹೇಳಿದರೆ ಕೇಳಿಸಿಕೊಳ್ಳುವುದು, ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಸಾರದಿರುವುದು. ಹೀಗೆ ಮಾಡಿದ ಮೇಲೆ ಬಳಗ ಸಪ್ಪೆಯಾಯಿತು ಅಂತ ಹಳಬರು ದೂರಿದರು. ಆಗಿದ್ದು ನಿಜ. "ಓ, ನಮ್ಮ ಅತ್ತಿಗೆ ಊರು" ಅನ್ನುವ ಸಡಗರ ಹೋಯಿತು. ನನಗೂ ಅದರ ಆಸೆ ಈಗಲೂ ಹೋಗಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಯಾವೂರು ಅಂತ ಕೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತೇನೆ.

ನಿವೃತ್ತಿಯಾದ ಮೇಲೂ ವಾರಕ್ಕೊಮ್ಮೆ ಅಂತೋಣಿಯಮ್ಮನ ಮನೆಗೆ ಹೋಗುತ್ತೇನೆ. ಅವಳಿಗೂ ವಯಸ್ಸಾಯಿತು, ನನಗೂ. ಕೂತು ಕಾಫಿ ಕುಡಿದು ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಹಾಗೆ ಕೂತಿದ್ದಾಗ, ಬೆಳಿಗ್ಗೆ ಹತ್ತರ ಹೊತ್ತಿಗೆ, ಲೈನಿನ ಮುಂದೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಮುಂದಿನ ಸೀಟಿನಿಂದ ಮಂಜುಳ ಇಳಿದಳು. ಹಿಂದೆಯೇ ಮಗಳು; ತಾಯಿಯ ಭುಜದ ಎತ್ತರಕ್ಕೆ ಬೆಳೆದಿದ್ದಳು.

ಮಂಜುಳ ನೆಟ್ಟಗೆ ಹಸುವಿನ ಹತ್ತಿರ ಹೋದಳು. ಎಡಗೈಯಿಂದ ಕೆಚ್ಚಲು ಮುಟ್ಟಿ ನೋಡಿದಳು, ಪಕ್ಕೆ ತಡವಿದಳು. "ಏನ್ ಪಾಟಿ, ಎಲುಬು ಎಣಿಸ್ಬೋದು! ಏನು ಆಕ್ತಿದ್ರಿ ಇದ್ಕೆ?" ಅಂತ ಮುದುಕಿಯನ್ನು ಗದರಿದಳು.

"ಸೋರು, ಸಾಂಬಾರು!" ಅಂದಳು ಅಂತೋಣಿಯಮ್ಮ. "ಮೂರು ವರ್ಷ ಸಾಕಿದೀನಿ, ಬಂದ ತಕ್ಷಣ ಬೈತಾಳೆ ನೋಡು ಈ ಪೊಣ್ಣು." ಅಂದು, ಅವಳನ್ನು ಹಿಡಿದುಕೊಂಡು ಅತ್ತಳು.

ನನ್ನನ್ನು ನೋಡಿ ಮಂಜುಳ, "ಚೆನ್ನಾಗಿದೀರಾ ಅಕ್ಕ?" ಅಂದಳು.

"ಇದೀನಮ್ಮ."

ಅಷ್ಟೇ ಮಾತು. ದೊಡ್ಡ ಹಸುವನ್ನು, ಅದರ ಕರುವನ್ನು ಆಟೋಗೆ ಹತ್ತಿಸಿದೆವು. ನಾನು ಹಿಂದಿನಿಂದ ತಳ್ಳಿದೆ, ಮಗಳು ಮುಂದಿನಿಂದ ಎಳೆದಳು. ಸಣ್ಣದನ್ನು ಅಂತೋಣಿಯಮ್ಮನಿಗೇ ಬಿಟ್ಟಳು. ಎಲ್ಲಿಂದ ಬಂದೆ ಅಂತ ಅಂತೋಣಿಯಮ್ಮ ಕೇಳಲಿಲ್ಲ. ನಾನೂ ಕೇಳಲಿಲ್ಲ. ತಾಯಿ ಮಗಳು ಮುಂದೆ ಹತ್ತಿ ಕೂತರು, ಆಟೋ ಹೊರಟಿತು. ಲೈನಿನ ಕೊನೆಯಲ್ಲಿ ರಸ್ತೆ ಎರಡಾಗುತ್ತದೆ, ಒಂದು ಬಂಗಾರಪೇಟೆ ಕಡೆಗೆ, ಒಂದು ಆಂಧ್ರದ ಕಡೆಗೆ. ಆಟೋ ಅಲ್ಲಿಗೆ ಮುಟ್ಟುವ ಮೊದಲೇ ನಾನು ಲೋಟ ತೊಳೆಯಲು ಒಳಗೆ ಹೋದೆ.